ಬಿಚ್ಚಿ ನೋಡಿದರಷ್ಟೇ ಬೆಲೆ: ಆಪಲ್ ಮೋಷನ್ ಲೈಬ್ರರಿಯ ವಿಮರ್ಶೆ

ಚಲಿಸುವ ಅಕ್ಷರ, ಚಿತ್ರ ಕಟ್ಟುವ ಮ್ಯಾಕ್ ತಂತ್ರಾಂಶ ಆಪಲ್ ಮೋಷನ್ ತೆರೆದು ಕಮಾಂಡ್-2 ಒತ್ತಿದರೆ ಎಡಗಡೆ ಸಿದ್ಧ ವಸ್ತುಗಳ ಲೈಬ್ರರಿ ಬಂದು ಕೂರುತ್ತದೆ. ಬಿಹೇವಿಯರ್ (ಸಿದ್ಧ ಚಲನೆ), ಫಿಲ್ಟರ್ (ನೋಟ ಬದಲಿಸುವುದು), ಜನರೇಟರ್ (ತಾನೇ ಮೂಡುವ ವಿನ್ಯಾಸ), ಪಾರ್ಟಿಕಲ್ ಎಮಿಟರ್ (ಕಣ ಚಿಮ್ಮಿಸುವುದು), ರೆಪ್ಲಿಕೇಟರ್ (ಒಂದೇ ವಸ್ತುವಿನ ನಕಲುಗಳನ್ನು ಜೋಡಿಸುವುದು), ಶೇಪ್, ಗ್ರೇಡಿಯೆಂಟ್, ಫಾಂಟ್, ಟೆಕ್ಸ್ಟ್ ಸ್ಟೈಲ್, ಮೆಟೀರಿಯಲ್, ಕಂಟೆಂಟ್ ಅಂತ ಪಟ್ಟಿ ಉದ್ದಕ್ಕೆ ಸಾಗುತ್ತದೆ. ಹೊಸಬರಲ್ಲಿ ಕೆಲವರು ಬೆಂಕಿ, ಹೊಗೆ, ಮಿನುಗು ಎಲ್ಲವನ್ನೂ ಒಂದೇ ಪ್ರಾಜೆಕ್ಟಿಗೆ ಸುರಿದುಬಿಡುತ್ತಾರೆ. ಇನ್ನು ಕೆಲವರು ‘ರೆಡಿಮೇಡ್ ಮಾಲು’ ಎಂದು ಮೂಗು ಮುರಿದು ಆ ಕಡೆ ತಲೆಯೇ ಹಾಕುವುದಿಲ್ಲ. ಈ ಎರಡನೇ ಗುಂಪಿನವರು ಕಳೆದುಕೊಳ್ಳುವುದು ಹೆಚ್ಚು. ಏಕೆಂದರೆ ಇಲ್ಲಿಂದ ಎಳೆದು ತಂದ ಯಾವ ವಸ್ತುವಿಗೂ ಬೀಗ ಇಲ್ಲ. ಕ್ಯಾನ್ವಾಸ್ ಮೇಲೆ ಬಿಟ್ಟ ಕ್ಷಣದಿಂದ ಅದು ನಾವೇ ಮೊದಲಿನಿಂದ ಕಟ್ಟಿದ ವಸ್ತುವಿನ ಹಾಗೆಯೇ ಇರುತ್ತದೆ. ನಿಯಂತ್ರಣಗಳ ಫಲಕವಾದ ಇನ್‌ಸ್ಪೆಕ್ಟರ್‌ನಲ್ಲಿ ಪ್ರತಿಯೊಂದು ಅಂಕಿಯೂ ಕಾಣುತ್ತದೆ, ಪ್ರತಿಯೊಂದನ್ನೂ ತಿದ್ದಬಹುದು. ಇದ್ದದ್ದನ್ನು ಇದ್ದ ಹಾಗೇ ಬಳಸುವವರಿಗೆ ಈ ಲೈಬ್ರರಿ ಸಾಧಾರಣ. ಬಿಚ್ಚಿ, ತಿದ್ದಿ, ತಮ್ಮ ಹೆಸರಲ್ಲಿ ಮತ್ತೆ ಎತ್ತಿಡುವವರಿಗೆ ಮೋಷನ್‌ನಲ್ಲಿ ಇದಕ್ಕಿಂತ ಸಮಯ ಉಳಿಸುವ ಭಾಗ ಬೇರೆ ಇಲ್ಲ.

ಮೊದಲು ಎಳೆದು ಬಿಡುವ ಕೆಲಸವನ್ನೇ ನೋಡೋಣ, ಏಕೆಂದರೆ ಅರ್ಧ ಗೊಂದಲ ಹುಟ್ಟುವುದು ಅಲ್ಲಿಯೇ. ಲೈಬ್ರರಿಯ ಮೇಲ್ಭಾಗದ ಪ್ರಿವ್ಯೂ ಚೌಕದಲ್ಲಿ ಆಯ್ದ ವಸ್ತು ಓಡುತ್ತದೆ, ಪಕ್ಕದಲ್ಲೇ ಅಪ್ಲೈ ಗುಂಡಿ ಇದೆ. ಫಿಲ್ಟರ್ ಅಥವಾ ಬಿಹೇವಿಯರ್‌ಗೆ ಈ ಗುಂಡಿ ಒತ್ತುವ ಮುನ್ನ ಲೇಯರ್ ಆಯ್ಕೆಯಾಗಿದೆಯೇ ಎಂದು ನೋಡಿಕೊಳ್ಳಬೇಕು. ಲೇಯರ್ ಬದಲು ಅದರ ಗ್ರೂಪ್ ಆಯ್ಕೆಯಾಗಿದ್ದರೆ ಫಿಲ್ಟರ್ ಇಡೀ ಗ್ರೂಪಿಗೆ ಅಂಟಿಕೊಳ್ಳುತ್ತದೆ. ಪರದೆಯ ಮೇಲೆ ಬರುವ ಹೆಸರಿನ ಹಿಂದಿನ ಬಣ್ಣದ ಪಟ್ಟಿಯನ್ನಷ್ಟೇ ಮಸುಕು ಮಾಡಲು ಹೊರಟು ಹೆಸರೂ ಮಸುಕಾಗಿ ಕೂತರೆ ಕಾರಣ ಇದೇ. ಫಿಲ್ಟರ್ ಅಳಿಸಿ ಮತ್ತೆ ಹಾಕಬೇಕಾಗಿಲ್ಲ. ಲೇಯರ್ ಪಟ್ಟಿಯಲ್ಲಿ ಅದನ್ನೇ ಹಿಡಿದು ಬೇಕಾದ ಲೇಯರ್ ಮೇಲೆ ಬಿಟ್ಟರೆ ಅಂಕಿಗಳ ಸಮೇತ ಅಲ್ಲಿಗೆ ಹೋಗುತ್ತದೆ.

ಇನ್ನೊಂದು ಗೊಂದಲ ಸಮಯದ್ದು. ಈಗ ನೋಡುತ್ತಿರುವ ಕ್ಷಣವನ್ನು ತೋರಿಸುವ ಗೆರೆ, ಅಂದರೆ ಪ್ಲೇಹೆಡ್, ಐದನೇ ಸೆಕೆಂಡಿನಲ್ಲಿದೆ, ಹಾಕಿದ ಜನರೇಟರ್ ಮಾತ್ರ ಪ್ರಾಜೆಕ್ಟಿನ ಶುರುವಿನಿಂದಲೇ ಹರಡಿಕೊಂಡಿದೆ. ಇದು ದೋಷವಲ್ಲ, ಸೆಟ್ಟಿಂಗ್ಸ್‌ನ (ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್) ಪ್ರಾಜೆಕ್ಟ್ ಪುಟದ ಒಂದು ಆಯ್ಕೆ. ‘ಕ್ರಿಯೇಟ್ ಲೇಯರ್ಸ್ ಅಟ್’ ಎಂಬಲ್ಲಿ ಕರೆಂಟ್ ಫ್ರೇಮ್, ಸ್ಟಾರ್ಟ್ ಆಫ್ ಪ್ರಾಜೆಕ್ಟ್ ಎಂದು ಎರಡು ಆಯ್ಕೆ ಇವೆ. ಟೈಟಲ್ ಕೆಲಸ ಮಾಡುವವರಿಗೆ ಮೊದಲನೆಯದು ಅನುಕೂಲ, ಹಿನ್ನೆಲೆ ಕಟ್ಟುವವರಿಗೆ ಎರಡನೆಯದು. ಹೊಸ ಲೇಯರ್ ಎಷ್ಟು ಉದ್ದ ಇರಬೇಕು ಎಂಬುದನ್ನೂ ಅದೇ ಪುಟದಲ್ಲಿ ಹೇಳಬಹುದು: ಪ್ರಾಜೆಕ್ಟಿನಷ್ಟೇ ಉದ್ದವೋ, ನಾವು ಕೊಟ್ಟ ಅಳತೆಯೋ. ಈ ಎರಡನ್ನು ಒಮ್ಮೆ ಸರಿಮಾಡಿಟ್ಟರೆ ದಿನಕ್ಕೆ ನೂರು ಸಲ ಬಾರ್ ಎಳೆಯುವ ರಗಳೆ ಇಲ್ಲ. ಟೈಮ್‌ಲೈನ್ ಮೇಲೆಯೇ ನೇರವಾಗಿ ತರುವುದಾದರೆ ಮೌಸ್ ಬಿಡುವ ಮುನ್ನ ಒಂದು ಗಳಿಗೆ ತಡೆಯಿರಿ, ಕಾಂಪೊಸಿಟ್, ಇನ್ಸರ್ಟ್, ಓವರ್‌ರೈಟ್ ಮೆನು ಬರುತ್ತದೆ. ಇನ್ಸರ್ಟ್ ಆರಿಸಿದರೆ ಈಗಾಗಲೇ ಇರುವುದು ಮುಂದಕ್ಕೆ ಸರಿಯುತ್ತದೆ ಎಂಬುದು ನೆನಪಿರಲಿ.

ಟೆಕ್ಸ್ಟ್ ಬಿಹೇವಿಯರ್: ಇಡೀ ಲೈಬ್ರರಿಯ ಚಾವಿ

ಅಕ್ಷರ ಹಾರಿ ಬರುವುದು, ಮಸುಕಿನಿಂದ ಮೂಡುವುದು, ಒಂದೊಂದಾಗಿ ತಿರುಗುವುದು ಇವೆಲ್ಲ ನೋಡಲು ಹತ್ತಾರು ಬೇರೆ ಬೇರೆ ಪ್ರಿಸೆಟ್, ಅಂದರೆ ಅಂಕಿಗಳನ್ನು ಮೊದಲೇ ಹೊಂದಿಸಿಟ್ಟ ಸಿದ್ಧ ರೂಪಗಳು. ಒಂದನ್ನು ಟೆಕ್ಸ್ಟ್ ಲೇಯರ್‌ಗೆ ಹಾಕಿ ಎಫ್2 ಒತ್ತಿ ಬಿಹೇವಿಯರ್ ಪುಟ ತೆರೆಯಿರಿ. ಅವುಗಳಲ್ಲಿ ಹಲವು ಒಳಗೆ ಒಂದೇ ಬಿಹೇವಿಯರ್, ಸೀಕ್ವೆನ್ಸ್ ಟೆಕ್ಸ್ಟ್. ಬದಲಾಗಿರುವುದು ಅಂಕಿಗಳಷ್ಟೇ. ಹಾಗಾಗಿ ಹೆಸರು ಬಾಯಿಪಾಠ ಮಾಡುವುದಕ್ಕಿಂತ ನಾಲ್ಕೈದು ನಿಯಂತ್ರಣಗಳನ್ನು ಅರ್ಥ ಮಾಡಿಕೊಂಡರೆ ಉಳಿದ ಪ್ರಿಸೆಟ್‌ಗಳು ತಾವಾಗಿ ಅರ್ಥವಾಗುತ್ತವೆ.

ಸೀಕ್ವೆನ್ಸಿಂಗ್‌ನಲ್ಲಿ ‘ಫ್ರಮ್’ ಇದ್ದರೆ ಅಕ್ಷರಗಳು ನಾವು ಕೊಟ್ಟ ಬದಲಾವಣೆಯಿಂದ ತಮ್ಮ ಮೂಲ ಸ್ಥಿತಿಗೆ ಬರುತ್ತವೆ. ‘ಟು’ ಇದ್ದರೆ ಮೂಲ ಸ್ಥಿತಿಯಿಂದ ಬದಲಾವಣೆಯತ್ತ ಹೋಗುತ್ತವೆ. ಒಳಬರುವ ಅನಿಮೇಷನ್ನು ಹೊರಹೋಗುವುದಕ್ಕೂ ಬೇಕೆಂದರೆ ಬೇರೆ ಪ್ರಿಸೆಟ್ ಹುಡುಕುವ ಅಗತ್ಯವಿಲ್ಲ. ಅದನ್ನೇ ನಕಲು ಮಾಡಿ ಟೈಮ್‌ಲೈನ್‌ನ ಕೊನೆಗೆ ಸರಿಸಿ ಫ್ರಮ್ ಇದ್ದದ್ದನ್ನು ಟು ಮಾಡಿದರೆ ಸಾಕು. ಸ್ಪ್ರೆಡ್ ಅಂಕಿ ಹೆಚ್ಚಿದಂತೆ ಒಂದೇ ಹೊತ್ತಿಗೆ ಹೆಚ್ಚು ಅಕ್ಷರ ಚಲಿಸುತ್ತವೆ, ಅಲೆ ಮೃದುವಾಗುತ್ತದೆ. ವೇಗ ಬದಲಿಸಬೇಕಾದರೆ ಬಿಹೇವಿಯರ್ ಬಾರ್‌ನ ಕೊನೆಯನ್ನು ಎಳೆಯಿರಿ: ಸೆಕೆಂಡಿಗೆ 25 ಫ್ರೇಮ್ ವೇಗದ ಪ್ರಾಜೆಕ್ಟಿನಲ್ಲಿ ಬಾರ್ 25 ಫ್ರೇಮ್ ಉದ್ದ ಇದ್ದರೆ ಇಡೀ ಸಾಲು ಒಂದು ಸೆಕೆಂಡಿನಲ್ಲಿ ಬಂದು ನಿಲ್ಲುತ್ತದೆ.

ಕನ್ನಡದಲ್ಲಿ ಟೈಟಲ್ ಮಾಡುವವರು ಕಣ್ಣಿಡಬೇಕಾದ ಜಾಗ ಯೂನಿಟ್ ಸೈಜ್. ಅದು ಕ್ಯಾರೆಕ್ಟರ್‌ನಲ್ಲಿದ್ದರೆ ತಂತ್ರಾಂಶ ಅಕ್ಷರ ಅಕ್ಷರವಾಗಿ ಒಡೆದು ಚಲಿಸಲು ಹೊರಡುತ್ತದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಆಕಾರ, ಅಷ್ಟೇ. ನಮ್ಮಲ್ಲಿ ‘ಸ್ತ್ರೀ’ ಎಂಬ ಒಂದಕ್ಷರದೊಳಗೆ ಮೂಲಾಕ್ಷರ, ಎರಡು ಒತ್ತು, ಗುಣಿತದ ಗುರುತು ಎಲ್ಲ ಸೇರಿವೆ. ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಹಾರುವ ಅಪಾಯವನ್ನು ಹೊತ್ತುಕೊಳ್ಳುವುದಕ್ಕಿಂತ ಯೂನಿಟ್ ಸೈಜನ್ನು ವರ್ಡ್‌ಗೆ ಬದಲಿಸುವುದು ಮೇಲು. ಪದ ಪದವಾಗಿ ಬರುವ ಟೈಟಲ್ ಓದಲೂ ಹಿತ. ಹಾಗೆ ಬದಲಿಸಿದ ಮೇಲೆ ಚಲಿಸುವ ತುಂಡುಗಳ ಸಂಖ್ಯೆ ಇಳಿಯುತ್ತದೆ, ಅದಕ್ಕೆ ತಕ್ಕಂತೆ ಸ್ಪ್ರೆಡ್ ಮತ್ತು ಬಾರ್ ಉದ್ದವನ್ನು ಮತ್ತೆ ಹೊಂದಿಸಿಕೊಳ್ಳಬೇಕು.

ಪಿಕ್ಸೆಲ್ ಲೆಕ್ಕವೂ ಕೈಕೊಡುತ್ತದೆ. ಅಕ್ಷರ ಎಷ್ಟು ದೂರದಿಂದ ಬರಬೇಕು ಎಂಬುದು ಪ್ರಿಸೆಟ್‌ನಲ್ಲಿ ಪಿಕ್ಸೆಲ್ ಅಂಕಿಯಾಗಿ ಇರುತ್ತದೆ. 400 ಪಿಕ್ಸೆಲ್ ಅಂದರೆ 1920 ಅಗಲದ ಚೌಕಟ್ಟಿನಲ್ಲಿ ಸುಮಾರು ಐದನೇ ಒಂದು ಭಾಗ, 3840 ಅಗಲದಲ್ಲಿ ಅದರ ಅರ್ಧ. ಎಚ್‌ಡಿಯಲ್ಲಿ ಗತ್ತಿನಿಂದ ಬರುತ್ತಿದ್ದ ಅಕ್ಷರ 4ಕೆಯಲ್ಲಿ ಸುಮ್ಮನೆ ಮಿಸುಕಿದಂತೆ ಕಂಡರೆ ಪ್ರಿಸೆಟ್ ಕೆಟ್ಟಿಲ್ಲ. ಪೊಸಿಷನ್ ಅಂಕಿಯನ್ನು ಎರಡರಿಂದ ಗುಣಿಸಬೇಕು. ಫೇಡ್ ಇನ್, ಫೇಡ್ ಔಟ್ ಸಮಯ ಫ್ರೇಮ್ ಲೆಕ್ಕದಲ್ಲಿರುವುದರಿಂದ ಅಲ್ಲೂ ಇದೇ ಕತೆ: 20 ಫ್ರೇಮ್ ಎಂದರೆ 25 ಫ್ರೇಮ್ ವೇಗದಲ್ಲಿ 0.8 ಸೆಕೆಂಡ್, 60 ಫ್ರೇಮ್ ವೇಗದಲ್ಲಿ ಸೆಕೆಂಡಿನ ಮೂರನೇ ಒಂದು ಭಾಗ.

ಬಿಹೇವಿಯರ್ ಸಾಲದು, ಫ್ರೇಮ್ ಫ್ರೇಮಿಗೂ ಹಿಡಿತ ಬೇಕು ಎನ್ನಿಸಿದಾಗ ಹಲವು ಬಿಹೇವಿಯರ್‌ಗಳನ್ನು ಕಮಾಂಡ್-ಕೆ ಒತ್ತಿ ಕೀಫ್ರೇಮ್‌ಗೆ (ಆಯಾ ಫ್ರೇಮಿನಲ್ಲಿ ಅಂಕಿ ಎಷ್ಟಿರಬೇಕು ಎಂಬ ಗುರುತು) ಬದಲಿಸಬಹುದು. ಆದರೆ ಬದಲಿಸಿದ ಮೇಲೆ ಬಾರ್ ಎಳೆದು ವೇಗ ಹೆಚ್ಚುಕಮ್ಮಿ ಮಾಡುವ ಸುಖ ಹೋಯಿತು. ಮೊದಲು ಲೇಯರ್‌ನ ನಕಲು ಇಟ್ಟುಕೊಂಡು ಆಮೇಲೆ ಬದಲಿಸುವುದು ಜಾಣತನ.

ಎಮಿಟರ್‌ಗಳು: ಪ್ರಿವ್ಯೂನಲ್ಲಿ ಬಂಗಾರ, ಕ್ಯಾನ್ವಾಸಿನಲ್ಲಿ?

ಪಾರ್ಟಿಕಲ್ ಎಮಿಟರ್ ವಿಭಾಗದಲ್ಲಿ ಬೆಂಕಿ, ಹೊಗೆ, ಪಟಾಕಿ, ಮಿನುಗು, ಮಳೆ-ಹಿಮ ಎಲ್ಲ ಉಂಟು. ಇದು ಅತಿ ಶ್ರೀಮಂತ ವಿಭಾಗ, ಅಷ್ಟೇ ದೂರು ಬರುವ ವಿಭಾಗ. ದೂರುಗಳಲ್ಲಿ ಬಹುಪಾಲಿಗೆ ಕಾರಣ ಎರಡು ಮೂರೇ.

ಮೊದಲನೆಯದು ಬಣ್ಣ. ಪ್ರಿವ್ಯೂ ಚೌಕದ ಕಪ್ಪು ಹಿನ್ನೆಲೆಯಲ್ಲಿ ಧಗಧಗಿಸುವ ಬೆಂಕಿ ಬಿಳಿ ಹಿನ್ನೆಲೆಗೆ ಬಂದರೆ ಮಾಯ. ಬೆಳಕಿನ ಪ್ರಿಸೆಟ್‌ಗಳ ಸೆಲ್‌ನಲ್ಲಿ (ಎಮಿಟರ್ ಒಳಗಿನ, ಒಂದು ಬಗೆಯ ಕಣವನ್ನು ನಿಯಂತ್ರಿಸುವ ಭಾಗ) ಅಡಿಟಿವ್ ಬ್ಲೆಂಡ್ ಆನ್ ಆಗಿರುವುದು ಸಾಮಾನ್ಯ. ಅಂದರೆ ಕಣದ ಬಣ್ಣ ಹಿಂದಿನ ಬಣ್ಣಕ್ಕೆ ಕೂಡಿಕೊಳ್ಳುತ್ತದೆ. ಬಿಳಿ ಈಗಾಗಲೇ ತುಂಬಿದ ಕೊಡ, ಅದಕ್ಕೆ ಏನು ಸುರಿದರೂ ಬಿಳಿಯೇ. ಸೆಲ್ ಆಯ್ಕೆ ಮಾಡಿ ಎಫ್4 ಒತ್ತಿ, ಅಡಿಟಿವ್ ಬ್ಲೆಂಡ್ ಟಿಕ್ ತೆಗೆದರೆ ಬಣ್ಣ ಮರಳುತ್ತದೆ. ಹೊಳಪು ಸ್ವಲ್ಪ ಸತ್ತಂತೆ ಕಂಡರೆ ಎಮಿಟರ್ ಹಿಂದೆ ಅಂಚು ಮಸುಕಾದ ಕಡು ಬಣ್ಣದ ವೃತ್ತವೊಂದನ್ನು ಇಟ್ಟು ನೋಡಿ.

ಎರಡನೆಯದು ಆರಂಭ ಮತ್ತು ಅಂತ್ಯ. ಹಿಮ ಬೀಳುವ ಎಮಿಟರ್ ಹಾಕಿದರೆ ಮೊದಲ ಫ್ರೇಮಿನಲ್ಲಿ ಆಕಾಶ ಖಾಲಿ, ಆಮೇಲೆ ನಿಧಾನಕ್ಕೆ ಮೇಲಿನಿಂದ ತುಂಬುತ್ತದೆ. ಇನಿಷಿಯಲ್ ನಂಬರ್ ಏರಿಸಿದರೆ ಸರಿಹೋಗಬಹುದು ಅನ್ನಿಸುತ್ತದೆ, ಆದರೆ ಆ ಕಣಗಳೆಲ್ಲ ಮೊದಲ ಫ್ರೇಮಿನಲ್ಲಿ ಎಮಿಟರ್ ಇರುವ ಜಾಗದಲ್ಲೇ ಗುಂಪಾಗಿ ಹುಟ್ಟುತ್ತವೆ. ಪಟಾಕಿಗೆ ಅದು ಒಪ್ಪುತ್ತದೆ, ಹಿಮಕ್ಕೆ ಅಲ್ಲ. ಸರಿಯಾದ ದಾರಿ: ಟೈಮ್‌ಲೈನ್‌ನಲ್ಲಿ ಎಮಿಟರ್‌ನ ಬಾರನ್ನು ಪ್ರಾಜೆಕ್ಟಿನ ಶುರುವಿಗಿಂತ ಎಡಕ್ಕೆ, ಲೈಫ್ (ಒಂದು ಕಣದ ಆಯುಸ್ಸು) ಎಷ್ಟು ಸೆಕೆಂಡ್ ಇದೆಯೋ ಅಷ್ಟು ಸರಿಸುವುದು. ಲೈಫ್ 6 ಇದ್ದರೆ ಆರು ಸೆಕೆಂಡ್. ಆಗ ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಪರದೆ ತುಂಬಿರುತ್ತದೆ. ಸರಿಸಿದಷ್ಟು ಬಾರ್ ಕೊನೆಯಲ್ಲಿ ಕಡಿಮೆ ಬೀಳುತ್ತದೆ, ಬಲತುದಿಯನ್ನು ಎಳೆದು ಉದ್ದ ಮಾಡುವುದನ್ನು ಮರೆಯಬೇಡಿ.

ಅಂತ್ಯದಲ್ಲೂ ಇದೇ ಅಂಕಿ ಬೇಕು. ಬಾರ್ ಮುಗಿದ ಫ್ರೇಮಿನಲ್ಲಿ ಗಾಳಿಯಲ್ಲಿರುವ ಕಣಗಳೆಲ್ಲ ಒಮ್ಮೆಲೇ ಕಣ್ಮರೆಯಾಗುತ್ತವೆ, ಯಾರೋ ಸ್ವಿಚ್ ಆರಿಸಿದ ಹಾಗೆ. ಬಾರ್ ಮುಗಿಯುವುದಕ್ಕೆ ಲೈಫ್‌ನಷ್ಟು ಸೆಕೆಂಡ್ ಮುಂಚೆ ಬರ್ತ್ ರೇಟ್‌ಗೆ (ಸೆಕೆಂಡಿಗೆ ಹುಟ್ಟುವ ಕಣಗಳ ಸಂಖ್ಯೆ) ಕೀಫ್ರೇಮ್ ಹಾಕಿ ಸೊನ್ನೆಗೆ ಇಳಿಸಿ. ಹೊಸ ಕಣ ಹುಟ್ಟುವುದು ನಿಲ್ಲುತ್ತದೆ, ಇರುವವು ತಮ್ಮ ಆಯುಸ್ಸು ಮುಗಿಸಿ ಹೋಗುತ್ತವೆ.

ಮೂರನೆಯದು ಭಾರ. ಒಂದು ಹೊತ್ತಿಗೆ ಪರದೆಯ ಮೇಲೆ ಬದುಕಿರುವ ಕಣಗಳ ಸಂಖ್ಯೆ ಸರಿಸುಮಾರು ಬರ್ತ್ ರೇಟ್ ಗುಣಿಸು ಲೈಫ್. ಸೆಕೆಂಡಿಗೆ 200 ಹುಟ್ಟಿ 5 ಸೆಕೆಂಡ್ ಬದುಕಿದರೆ 1000. ಅಂಥ ಮೂರು ಸೆಲ್ ಒಂದೇ ಎಮಿಟರ್‌ನಲ್ಲಿದ್ದರೆ 3000. ಪ್ರಿಸೆಟ್ ಹಾಕಿದ ಕೂಡಲೇ ಪ್ಲೇಬ್ಯಾಕ್ ಎಡವುತ್ತಿದ್ದರೆ ಈ ಗುಣಾಕಾರ ಮಾಡಿ ನೋಡಿ. ಎರಡರಲ್ಲಿ ಯಾವುದನ್ನು ಇಳಿಸಿದರೆ ನೋಟ ಕೆಡುವುದಿಲ್ಲವೋ ಅದನ್ನು ಇಳಿಸಿ. ಹೊಗೆಗೆ ಬರ್ತ್ ರೇಟ್ ಇಳಿಸಿ ಸ್ಕೇಲ್ ಸ್ವಲ್ಪ ಏರಿಸಬಹುದು. ಕಿಡಿಗೆ ಲೈಫ್ ಇಳಿಸುವುದೇ ಚೆಂದ, ಕಿಡಿ ಹೇಗೂ ಬೇಗ ಸಾಯಬೇಕಾದ್ದು. ಜಾಗ ಹೊಂದಿಸುವಾಗ ಶೋ ಪಾರ್ಟಿಕಲ್ಸ್ ಆ್ಯಸ್ ಎಂಬಲ್ಲಿ ಪಾಯಿಂಟ್ಸ್ ಮಾಡಿಕೊಂಡರೆ ಕೆಲಸ ಹಗುರ. ಎಕ್ಸ್‌ಪೋರ್ಟ್‌ಗೆ ಮುನ್ನ ಇಮೇಜ್‌ಗೆ ಮರಳಿಸಬೇಕು, ಇಲ್ಲದಿದ್ದರೆ ಬೆಂಕಿಯ ಬದಲು ಚುಕ್ಕಿ ಹೊರಬರುತ್ತದೆ.

ಒಂದು ವಿಚಿತ್ರ ಹೊಸಬರನ್ನು ಕಂಗೆಡಿಸುತ್ತದೆ. ಕೆಲವು ಎಮಿಟರ್‌ನಲ್ಲಿ ಬರ್ತ್ ರೇಟ್ 30, 150 ಎಂದು ಅಂಕಿಯಾಗಿ ಕಾಣುತ್ತದೆ, ಇನ್ನು ಕೆಲವದರಲ್ಲಿ 100 ಪ್ರತಿಶತ ಎಂದು. ಒಳಗೆ ಒಂದೇ ಸೆಲ್ ಇದ್ದರೆ ಅದರ ನಿಯಂತ್ರಣಗಳು ಎಮಿಟರ್ ಪುಟದಲ್ಲೇ ಸಿಗುತ್ತವೆ. ಒಂದಕ್ಕಿಂತ ಹೆಚ್ಚು ಸೆಲ್ ಇದ್ದರೆ ಎಮಿಟರ್ ಪುಟದ್ದು ಎಲ್ಲ ಸೆಲ್‌ಗಳನ್ನೂ ಒಟ್ಟಿಗೆ ಏರಿಳಿಸುವ ಪ್ರತಿಶತ. ನಿಜವಾದ ಅಂಕಿ ಬೇಕಾದರೆ ಲೇಯರ್ ಪಟ್ಟಿಯಲ್ಲಿ ಎಮಿಟರ್ ಬಿಚ್ಚಿ ಸೆಲ್‌ಗೇ ಹೋಗಬೇಕು. ಜ್ವಾಲೆ ಇರಲಿ, ಹೊಗೆ ಬೇಡ ಎಂದರೆ ಹೊಗೆಯ ಸೆಲ್‌ನ ಟಿಕ್ ತೆಗೆದರೆ ಮುಗಿಯಿತು. ಒಂದೇ ಎಮಿಟರ್ ಎರಡು ಕಡೆ ಇಟ್ಟಾಗ ಎರಡೂ ಅವಳಿಗಳಂತೆ ಕುಣಿದರೆ ಒಂದರ ರಾಂಡಮ್ ಸೀಡ್ ಪಕ್ಕದ ಜನರೇಟ್ ಗುಂಡಿ ಒತ್ತಿ.

ರೆಪ್ಲಿಕೇಟರ್‌ಗೂ ಬಹುಪಾಲು ಇದೇ ಮಾತು ಅನ್ವಯ. ಸಾಲು, ಕಂಬಸಾಲು 40ಕ್ಕೆ 40 ಎಂದರೆ 1600 ನಕಲು. ಪ್ರಿಸೆಟ್ ಚೆಂದ ಕಂಡಿತೆಂದು ಅಂಕಿ ಏರಿಸುವಾಗ ಕೈ ಹಿಡಿತದಲ್ಲಿರಲಿ.

ಜನರೇಟರ್ ವಿಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ರಿಡ್, ನಾಯ್ಸ್, ಕ್ಲೌಡ್ಸ್, ಟ್ರೂಶೆ ಟೈಲ್ಸ್ ಎಲ್ಲ ಗಣಿತದಿಂದ ಮೂಡುವ ವಿನ್ಯಾಸಗಳು, ಹಿಗ್ಗಿಸಿದರೆ ಒಡೆಯುವ ಚಿತ್ರಗಳಲ್ಲ. ಆದರೆ ಕಮಾಂಡ್-ಜೆ ಒತ್ತಿ ಪ್ರಾಜೆಕ್ಟ್ ಅಳತೆಯನ್ನು ನಡುವೆ ದೊಡ್ಡದು ಮಾಡಿದರೆ ಮೊದಲೇ ಹಾಕಿದ ಜನರೇಟರ್ ತನ್ನ ಹಳೇ ಅಗಲ ಎತ್ತರದಲ್ಲೇ ಉಳಿದು ಸುತ್ತ ಖಾಲಿ ಅಂಚು ಕಾಣಿಸುತ್ತದೆ. ಸ್ಕೇಲ್ ಮಾಡಬೇಡಿ, ಜನರೇಟರ್ ಪುಟದಲ್ಲಿ ವಿಡ್ತ್, ಹೈಟ್ ಬದಲಿಸಿ. ಹೆಚ್ಚು ಮಂದಿ ಗಮನಿಸದ ಒಳ್ಳೆಯ ಮಾಲು ಟೆಕ್ಸ್ಟ್ ಜನರೇಟರ್‌ಗಳಲ್ಲಿದೆ: ನಂಬರ್ಸ್, ಟೈಮ್‌ಕೋಡ್, ಟೈಮ್-ಡೇಟ್. ಸೊನ್ನೆಯಿಂದ ನೂರಕ್ಕೆ ಏರುವ ಎಣಿಕೆಗೆ ನಂಬರ್ಸ್ ಹಾಕಿ ಶುರು, ಕೊನೆ ಬರೆದರೆ ಆಯಿತು.

ಫಿಲ್ಟರ್‌ಗಳಲ್ಲಿ ಕ್ರಾಪ್ ಎಂಬ ಪುಟ್ಟ ಟಿಕ್ ಮಾತ್ರ ಹೇಳಲೇಬೇಕು. ಗಾಸಿಯನ್ ಬ್ಲರ್ ಹಾಕಿದ ಲೇಯರ್‌ನ ಮಸುಕು ಕತ್ತರಿಸಿದಂತೆ ನೇರ ಗೆರೆಯಲ್ಲಿ ನಿಂತರೆ ಆ ಟಿಕ್ ಆನ್ ಇದೆ ಎಂದರ್ಥ. ಮಸುಕನ್ನು ಅದು ಮೂಲ ಅಂಚಿನೊಳಗೇ ಹಿಡಿದಿಡುತ್ತದೆ. ಮೆಟೀರಿಯಲ್ ವಿಭಾಗ 3ಡಿ ಅಕ್ಷರಕ್ಕಷ್ಟೇ. 2015ರಲ್ಲಿ ಬಂದ 5.2 ಆವೃತ್ತಿಯಲ್ಲಿ 3ಡಿ ಅಕ್ಷರಗಳ ಜೊತೆ ಬಂದದ್ದು ಅದು. ಸಾದಾ ಅಕ್ಷರಕ್ಕೆ ಎಳೆದು ‘ಏನೂ ಆಗಲಿಲ್ಲ’ ಎಂದು ಬೇಸರಪಡಬೇಕಿಲ್ಲ, ಮೊದಲು ಟೆಕ್ಸ್ಟ್ ಇನ್‌ಸ್ಪೆಕ್ಟರ್‌ನಲ್ಲಿ 3ಡಿ ಟೆಕ್ಸ್ಟ್ ಆನ್ ಮಾಡಬೇಕು.

ಕಂಟೆಂಟ್ ವಿಭಾಗದ ಚಿತ್ರ, ಹಿನ್ನೆಲೆಗಳಿಗೆ ನಮ್ಮ ಅಂಕ ಕಡಿಮೆಯೇ. ಅಲ್ಲಿನ ಹಲವು ಹಿನ್ನೆಲೆಗಳಿಗೆ ವಯಸ್ಸಾಗಿದೆ, ಕಣ್ಣಿಗೆ ಬಿದ್ದ ಕೂಡಲೇ ‘ಇದು ಲೈಬ್ರರಿಯದ್ದು’ ಎಂದು ಗೊತ್ತಾಗುತ್ತದೆ. ಪಾರ್ಟಿಕಲ್‌ಗೆ ಬಳಸುವ ಬಿಡಿ ಚಿತ್ರಗಳು ಮಾತ್ರ ಕೆಲಸಕ್ಕೆ ಬರುತ್ತವೆ: ಹಾಕಿದ ಎಮಿಟರ್‌ನ ಸೆಲ್‌ನಲ್ಲಿ ಪಾರ್ಟಿಕಲ್ ಸೋರ್ಸ್ ಜಾಗಕ್ಕೆ ಬೇರೆ ಚಿತ್ರ ಬಿಟ್ಟರೆ ಚಲನೆ ಅದೇ, ರೂಪ ಬೇರೆ.

ಸ್ವಂತ ಕಪಾಟು

ಹೊಗೆಯನ್ನು ಹದ ಮಾಡಿ, ಸೀಕ್ವೆನ್ಸ್ ಟೆಕ್ಸ್ಟ್ ತಿದ್ದಿ ಮುಗಿದ ಮೇಲೆ ಅದನ್ನು ಎತ್ತಿಡದೆ ಹೋದರೆ ಇಷ್ಟು ಹೊತ್ತಿನ ಕೆಲಸ ನೀರಿನಲ್ಲಿ ಹೋಮ. ಕಂಪನಿಯ ಮೂಲ ಪ್ರಿಸೆಟ್‌ಗಳನ್ನು ತಿದ್ದಿ ಅಲ್ಲೇ ಉಳಿಸಲಾಗದು. ಫೇವರಿಟ್ಸ್‌ನಲ್ಲೋ ಆಯಾ ವಿಭಾಗದಲ್ಲೋ ಕೆಳಗಿನ ಪ್ಲಸ್ ಗುಂಡಿಯಿಂದ ಹೊಸ ಫೋಲ್ಡರ್ ಮಾಡಿ, ಲೇಯರ್ ಪಟ್ಟಿಯಿಂದ ವಸ್ತುವನ್ನು ಅದರೊಳಗೆ ಎಳೆದು ಬಿಡಬೇಕು. ಬಿಟ್ಟ ತಕ್ಷಣ ಹೆಸರು ಬದಲಿಸಿ. ‘ಸ್ಮೋಕ್ ಕಾಪಿ 3’ ಎಂಬ ಹೆಸರು ಮುಂದಿನ ವಾರಕ್ಕೆ ಯಾರಿಗೂ ಅರ್ಥವಾಗದು. ‘ಹೊಗೆ-ತಿಳಿ-ಬಿಳಿಹಿನ್ನೆಲೆ-4ಕೆ’ ಎಂದಿದ್ದರೆ ಹುಡುಕುವಾಗ ಸಿಗುತ್ತದೆ. ಹಲವು ವಸ್ತು ಒಟ್ಟಿಗೆ ಎಳೆದರೆ ಬಿಡುವ ಮುನ್ನ ಕ್ಷಣ ತಡೆಯಿರಿ: ಎಲ್ಲ ಒಂದೇ ಫೈಲಿನಲ್ಲೋ ಬಿಡಿಬಿಡಿಯಾಗಿಯೋ ಎಂದು ಮೆನು ಕೇಳುತ್ತದೆ. ಅಕ್ಷರದ ರೂಪಕ್ಕೆ ಈ ಎಳೆದಾಟವೂ ಬೇಡ. ಟೆಕ್ಸ್ಟ್ ಇನ್‌ಸ್ಪೆಕ್ಟರ್‌ನ ಸ್ಟೈಲ್ ಮೆನುವಿನಲ್ಲಿ ಫಾರ್ಮ್ಯಾಟ್ ಮಾತ್ರ, ಅಪಿಯರೆನ್ಸ್ ಮಾತ್ರ, ಎರಡೂ ಸೇರಿ ಎಂದು ಮೂರು ಬಗೆಯ ಸೇವ್ ಇದೆ. ಬಣ್ಣ-ನೆರಳನ್ನು ಅಪಿಯರೆನ್ಸ್ ಮಾತ್ರವಾಗಿ ಉಳಿಸಿದರೆ ಆಮೇಲೆ ಯಾವ ಫಾಂಟಿಗೆ ಹಾಕಿದರೂ ಫಾಂಟ್ ಬದಲಾಗದು. ಕನ್ನಡ, ಇಂಗ್ಲಿಷ್ ಎರಡೂ ಟೈಟಲ್ ಇರುವ ಕೆಲಸಕ್ಕೆ ಇದೇ ಸರಿ.

ದಿನಾ ಬೇಕಾಗುವ ಐದಾರನ್ನು ಫೇವರಿಟ್ಸ್ ಮೆನು ಎಂಬ ಫೋಲ್ಡರಿಗೆ ಹಾಕಿ. ಅವು ಪರದೆಯ ಮೇಲಿನ ಮೆನು ಸಾಲಿನ ಫೇವರಿಟ್ಸ್‌ನಲ್ಲೇ ಬರುತ್ತವೆ, ಲೈಬ್ರರಿ ತೆರೆಯುವ ಪ್ರಮೇಯವೇ ಇಲ್ಲ.

ಇಲ್ಲಿ ಇದೇ ಬಗೆಯ ಕೆಲಸಕ್ಕಿರುವ ಅಡೋಬಿ ತಂತ್ರಾಂಶ ಆಫ್ಟರ್ ಎಫೆಕ್ಟ್ಸ್ ಜೊತೆ ಹೋಲಿಸಿ ನೋಡಬೇಕು. ಅಲ್ಲಿನ ಅನಿಮೇಷನ್ ಪ್ರಿಸೆಟ್ ಫೈಲು ಲೇಯರ್‌ನ ಗುಣಗಳು, ಎಫೆಕ್ಟ್, ಕೀಫ್ರೇಮ್, ಎಕ್ಸ್‌ಪ್ರೆಷನ್ (ಅಂಕಿಯನ್ನು ಲೆಕ್ಕ ಹಾಕಿ ಕೊಡುವ ಪುಟ್ಟ ಕೋಡ್) ಇವನ್ನು ಹೊರುತ್ತದೆ, ಲೇಯರ್‌ನ ಫುಟೇಜನ್ನಲ್ಲ. ಕೀಫ್ರೇಮ್‌ಗಳು ಪ್ಲೇಹೆಡ್ ಎಲ್ಲಿದೆಯೋ ಅಲ್ಲಿಂದ ಬೀಳುತ್ತವೆ. ಮೋಷನ್‌ನಲ್ಲಿ ಒಂದು ಗ್ರೂಪನ್ನೇ, ಒಳಗಿನ ಎಮಿಟರ್, ಫಿಲ್ಟರ್, ಬಿಹೇವಿಯರ್ ಸಮೇತ ಕಪಾಟಿಗೆ ಏರಿಸಬಹುದು. ನಮ್ಮ ಲೆಕ್ಕದಲ್ಲಿ ಇದು ಮೋಷನ್‌ನ ದೊಡ್ಡ ಗೆಲುವು. ಎಕ್ಸ್‌ಪ್ರೆಷನ್ ಬರೆದು ಲೇಯರ್ ಅಳತೆಗೆ ತಾನಾಗಿ ಹೊಂದಿಕೊಳ್ಳುವ ಪ್ರಿಸೆಟ್ ಮಾಡುವ ವಿಷಯದಲ್ಲಿ ಮಾತ್ರ ಆಫ್ಟರ್ ಎಫೆಕ್ಟ್ಸ್ ಮುಂದಿದೆ. ಮೋಷನ್‌ನ ಲಿಂಕ್ ಬಿಹೇವಿಯರ್ (ಒಂದು ವಸ್ತುವಿನ ಅಂಕಿಯನ್ನು ಇನ್ನೊಂದರ ಅಂಕಿಗೆ ಕಟ್ಟುವುದು) ಸ್ವಲ್ಪ ದೂರ ಬರುತ್ತದೆ, ಪೂರ್ತಿ ಅಲ್ಲ. ಲಿಂಕ್ ಇರುವ ಗ್ರೂಪ್ ಉಳಿಸುವಾಗ ಅದು ನೋಡುತ್ತಿರುವ ವಸ್ತುವೂ ಅದೇ ಗ್ರೂಪಿನೊಳಗೆ ಇರಬೇಕು. ಹೊರಗಿದ್ದರೆ ಹೊಸ ಪ್ರಾಜೆಕ್ಟಿನಲ್ಲಿ ಲಿಂಕ್‌ಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ದೊಡ್ಡ ದೂರು ಒಂದಿದೆ. ನಮ್ಮದೇ ಚಿತ್ರ ಬಳಸಿದ ಎಮಿಟರ್, ರೆಪ್ಲಿಕೇಟರ್ ಉಳಿಸಿದಾಗ ಕಪಾಟಿಗೆ ಹೋಗುವುದು ಚಿತ್ರವಲ್ಲ, ಅದರ ವಿಳಾಸ. ಡೆಸ್ಕ್‌ಟಾಪ್‌ನಲ್ಲಿದ್ದ ಆ ಚಿತ್ರವನ್ನು ನಾಳೆ ಬೇರೆಡೆಗೆ ಸರಿಸಿದರೆ ಪ್ರಿಸೆಟ್ ಎಳೆದಾಗ ಮೀಡಿಯಾ ಕಾಣೆಯಾಗಿದೆ ಎಂಬ ಎಚ್ಚರಿಕೆ ಬರುತ್ತದೆ, ರೀಕನೆಕ್ಟ್ ಮಾಡುತ್ತಾ ಕೂರಬೇಕು. ಇದಕ್ಕೆ ಮದ್ದು ಶಿಸ್ತು ಮಾತ್ರ: ಪ್ರಿಸೆಟ್‌ಗೆ ಬಳಸುವ ಚಿತ್ರಗಳಿಗೆಂದೇ ಒಂದು ಫೋಲ್ಡರ್ ಮಾಡಿ, ಮೊದಲು ಚಿತ್ರವನ್ನು ಅಲ್ಲಿಟ್ಟು, ಅಲ್ಲಿಂದ ಪ್ರಾಜೆಕ್ಟಿಗೆ ತಂದು, ಆಮೇಲೆ ಉಳಿಸುವುದು. ಸಾಧ್ಯವಿದ್ದರೆ ಚಿತ್ರದ ಬದಲು ಮೋಷನ್‌ನಲ್ಲೇ ಬರೆದ ಶೇಪ್ ಬಳಸಿ, ಅದಕ್ಕೆ ಹೊರಗಿನ ಫೈಲೇ ಇಲ್ಲವಾದ್ದರಿಂದ ಕಳೆದುಹೋಗುವುದೂ ಇಲ್ಲ. ಇಡೀ ಪ್ರಾಜೆಕ್ಟನ್ನು ಬೇರೆಯವರಿಗೆ ಕೊಡುವಾಗ ಸೇವ್ ಆ್ಯಸ್ ಕಿಟಕಿಯಲ್ಲಿ ಕಲೆಕ್ಟ್ ಮೀಡಿಯಾ ಆಯ್ಕೆಯನ್ನು ಕಾಪಿ ಟು ಫೋಲ್ಡರ್‌ಗೆ ಬದಲಿಸಿದರೆ ಬಳಸಿದ ಫೈಲುಗಳು ಜೊತೆಗೆ ಬರುತ್ತವೆ. ಫಾಂಟ್ ಬರುತ್ತದೆಂದು ನಂಬಬೇಡಿ. ಆ ಕಡೆ ಇನ್‌ಸ್ಟಾಲ್ ಆಗಿಲ್ಲದಿದ್ದರೆ ಬೇರೊಂದು ಫಾಂಟ್ ಬಂದು ಕೂರುತ್ತದೆ.

ಕಪಾಟನ್ನೇ ಇನ್ನೊಂದು ಮ್ಯಾಕ್‌ಗೆ ಒಯ್ಯಲು ಒಳಗೆ ಗುಂಡಿಯೊಂದನ್ನು ಕೊಟ್ಟಿದ್ದರೆ ಚೆನ್ನಾಗಿತ್ತು. ಕೈಯಿಂದಲೇ ಮಾಡಬೇಕು: ಮೋಷನ್ ಮುಚ್ಚಿ, ಫೈಂಡರ್‌ನಲ್ಲಿ ಆಪ್ಷನ್ ಕೀ ಹಿಡಿದು ಗೋ ಮೆನು ತೆರೆದರೆ ಸಾಮಾನ್ಯವಾಗಿ ಅಡಗಿರುವ ನಿಮ್ಮ ಖಾತೆಯ ಲೈಬ್ರರಿ ಕಾಣುತ್ತದೆ. ಅದರೊಳಗೆ ಅಪ್ಲಿಕೇಶನ್ ಸಪೋರ್ಟ್, ಅದರೊಳಗೆ ಮೋಷನ್, ಅದರೊಳಗಿನ ಲೈಬ್ರರಿ ಫೋಲ್ಡರನ್ನು ನಕಲು ಮಾಡಿ ಹೊಸ ಯಂತ್ರದಲ್ಲಿ ಅದೇ ಜಾಗಕ್ಕೆ ಹಾಕಿ. ಪ್ರಿಸೆಟ್ ಚಿತ್ರಗಳ ಫೋಲ್ಡರನ್ನೂ ಹಳೆಯದರಲ್ಲಿದ್ದ ವಿಳಾಸದಲ್ಲೇ ಇಡಿ. ಬಳಕೆದಾರ ಖಾತೆಯ ಹೆಸರು ಬೇರೆಯಾಗಿದ್ದರೆ ಆ ವಿಳಾಸವೂ ಬೇರೆಯಾಗುತ್ತದೆ. ಅದಕ್ಕೇ ಚಿತ್ರಗಳ ಫೋಲ್ಡರನ್ನು ಮೊದಲಿನಿಂದಲೇ ಬಳಕೆದಾರರ ಶೇರ್ಡ್ ಫೋಲ್ಡರಿನಲ್ಲಿ ಇಟ್ಟಿರಬೇಕು.